ಚಂದ್ರನ ಕಿತ್ತಳೆ ಮಣ್ಣು, ಮಂಗಳದ ಮೊಳೆ

1972ರ ಡಿಸೆಂಬರ್‌ನಲ್ಲಿ ಅಪೊಲೊ 17ರ ಗಗನಯಾತ್ರಿ ಹ್ಯಾರಿಸನ್ ಸ್ಮಿಟ್ ಚಂದ್ರನ ಶಾರ್ಟಿ ಕುಳಿಯ ಅಂಚಿನಲ್ಲಿ ನಡೆಯುತ್ತಿದ್ದಾಗ, ಅವರ ಬೂಟು ಕೆದಕಿದ ಬೂದು ಧೂಳಿನ ಅಡಿಯಿಂದ ಕಿತ್ತಳೆ ಬಣ್ಣದ ಮಣ್ಣು ಇಣುಕಿತು. ಜೊತೆಗಾರ ಯುಜೀನ್ ಸೆರ್ನಾನ್ ಹೆಲ್ಮೆಟ್ಟಿನ ಬಿಸಿಲುಪರದೆಯನ್ನು ಮೇಲೆತ್ತಿ ನೋಡಿದರೂ ಬಣ್ಣ ಬದಲಾಗಲಿಲ್ಲ. ಚಂದ್ರನ ಮೇಲೆ ಓಡಾಡಿದವರಲ್ಲಿ ವೃತ್ತಿಯಿಂದ ಭೂವಿಜ್ಞಾನಿಯಾಗಿದ್ದವರು ಸ್ಮಿಟ್ ಒಬ್ಬರೇ. ಅಂದಿನ ಯೋಜನೆಯಲ್ಲಿ ಇಲ್ಲದ ಈ ಮಣ್ಣಿನ ಮಹತ್ವ ಅವರಿಗೆ ತಕ್ಷಣ ಹೊಳೆಯಿತು. ಇದ್ದ ಅಲ್ಪ ಸಮಯದಲ್ಲೇ ಇಬ್ಬರೂ ಅಲ್ಲಿ ಸಣ್ಣ ಕಾಲುವೆ ತೋಡಿ, ಕೊಳವೆಯೊಂದನ್ನು ನೆಲಕ್ಕೆ ಬಡಿದಿಳಿಸಿ ಮಾದರಿ ತೆಗೆದರು. ಅವು 350 ಕೋಟಿ ವರ್ಷಗಳಿಗೂ ಹಿಂದೆ ಜ್ವಾಲಾಮುಖಿಯಿಂದ ಚಿಮ್ಮಿದ ಗಾಜಿನ ಸೂಕ್ಷ್ಮ ಮಣಿಗಳು. ಚಂದ್ರನಿಂದ ತಂದ ಇಂಥ ಮಣಿಗಳಲ್ಲಿ ನೀರಿನ ಅಂಶವಿರುವುದು 2008ರಲ್ಲಿ ತಿಳಿದುಬಂತು.

ಬೇರೆ ನೆಲಗಳಿಗೆ ಮನುಷ್ಯರನ್ನು ಕಳುಹಿಸಬೇಕೋ ರೋಬಾಟುಗಳನ್ನೋ ಎಂಬ ಪ್ರಶ್ನೆ ಬಂದಾಗ, ಇದರ ಪಕ್ಕದಲ್ಲಿ ಮಂಗಳನ ಮೇಲೆ 2018ರಲ್ಲಿ ಇಳಿದ, ಮನುಷ್ಯರಿಲ್ಲದ ಇನ್‌ಸೈಟ್ ನೌಕೆಯ ಅನುಭವವನ್ನು ಇಟ್ಟು ನೋಡಬೇಕು. ನೆಲದೊಳಗಿನ ಶಾಖವನ್ನು ಅಳೆಯಲು, ತನ್ನನ್ನು ತಾನೇ ಬಡಿದುಕೊಂಡು 5 ಮೀಟರ್‌ವರೆಗೆ ಇಳಿಯಬೇಕಿದ್ದ, ಸುಮಾರು 40 ಸೆಂಟಿಮೀಟರ್ ಉದ್ದದ ಮೊಳೆಯಂಥ ಸಾಧನ ಅದರಲ್ಲಿತ್ತು. ಮೊಳೆ ಇಳಿಯಬೇಕಾದರೆ ಸುತ್ತಲಿನ ಮಣ್ಣು ಅದನ್ನು ಹಿಡಿದುಕೊಳ್ಳಬೇಕು. ಅಲ್ಲಿನ ಮಣ್ಣು ಹಿಡಿತ ಕೊಡಲಿಲ್ಲ, ಮೊಳೆ ಇದ್ದಲ್ಲೇ ಕುಪ್ಪಳಿಸಿತು. ಎಂಜಿನಿಯರುಗಳು ನೌಕೆಯ ತೋಳಿನಿಂದ ಅದನ್ನು ಪಕ್ಕದಿಂದ ಒತ್ತಿದರು, ಮೇಲಿನಿಂದ ಅದುಮಿದರು, ಮಣ್ಣು ಸುರಿದರು. ಸುಮಾರು ಎರಡು ವರ್ಷಗಳ ಹೆಣಗಾಟದ ನಂತರ, 2021ರ ಜನವರಿಯಲ್ಲಿ ಕೈಬಿಟ್ಟಾಗ ಮೊಳೆಯ ತಲೆ ಮಣ್ಣಿನಲ್ಲಿ ಮುಳುಗಿತ್ತು, ಅಷ್ಟೆ. ಗುದ್ದಲಿ ಹಿಡಿದ ಮನುಷ್ಯನೊಬ್ಬ ಪಕ್ಕದಲ್ಲಿದ್ದಿದ್ದರೆ ಬೇರೆ ಜಾಗವನ್ನಾದರೂ ಹುಡುಕುತ್ತಿದ್ದ ಎಂಬ ಕೊರಗು ಆ ವರದಿಗಳನ್ನು ಓದುವಾಗಲೆಲ್ಲ ನನ್ನನ್ನು ಕಾಡುತ್ತದೆ.

ಆದರೆ ಆ ಮನುಷ್ಯನಿಗೆ ಗಾಳಿ, ನೀರು, ಅನ್ನ, ವಿಕಿರಣದಿಂದ ರಕ್ಷಣೆ, ಎಲ್ಲಕ್ಕಿಂತ ಮುಖ್ಯವಾಗಿ ಮರಳುವ ದಾರಿ ಬೇಕು. ರೋಬಾಟಿಗೆ ಇವು ಬೇಡ. 90 ದಿನಗಳ ಕೆಲಸಕ್ಕೆಂದು ಮಂಗಳಕ್ಕೆ ಕಳುಹಿಸಿದ ಆಪರ್ಚುನಿಟಿ ಎಂಬ ರೋವರ್ (ಚಕ್ರಗಳ ಮೇಲೆ ಓಡಾಡುವ ರೋಬಾಟು) 14 ವರ್ಷ ದುಡಿದು 45 ಕಿಲೋಮೀಟರ್ ಸಾಗಿತು. ಸ್ಮಿಟ್ ಮತ್ತು ಸೆರ್ನಾನ್ ತಮ್ಮ ವಾಹನದಲ್ಲಿ ಮೂರೇ ದಿನಗಳಲ್ಲಿ ಸುಮಾರು 35 ಕಿಲೋಮೀಟರ್ ಓಡಾಡಿದರು ನಿಜ, ಆದರೆ ನಾಲ್ಕನೆಯ ದಿನ ಅವರು ಅಲ್ಲಿರುವಂತಿರಲಿಲ್ಲ.

ಹೀಗಾಗಿ ಯಾರನ್ನು ಕಳುಹಿಸಬೇಕೆಂಬುದನ್ನು ಬಹುಮಟ್ಟಿಗೆ ದೂರವೇ ನಿರ್ಧರಿಸುತ್ತದೆ ಎಂದು ನನಗನ್ನಿಸುತ್ತದೆ. ಚಂದ್ರನಿಗೆ ರೇಡಿಯೊ ಸಂಕೇತ ಒಂದೂಕಾಲು ಸೆಕೆಂಡಿನ ಆಸುಪಾಸಿನಲ್ಲಿ ತಲುಪುತ್ತದೆ. 2023ರ ಆಗಸ್ಟ್ 27ರಂದು ಚಂದ್ರಯಾನ-3ರ ಪ್ರಜ್ಞಾನ್ ಮೂರು ಮೀಟರ್ ಮುಂದೆ ನಾಲ್ಕು ಮೀಟರ್ ಅಗಲದ ಕುಳಿಯನ್ನು ಕಂಡಾಗ, ಇಸ್ರೊ ಅದನ್ನು ಬಂದ ದಾರಿಯಲ್ಲೇ ಹಿಂದಿರುಗಿಸಿ ಬೇರೆ ಹಾದಿ ಹಿಡಿಸಿತು. ಮಂಗಳಕ್ಕಾದರೆ ಒಂದು ಸಂಕೇತ ಹೋಗಲು 3ರಿಂದ 22 ನಿಮಿಷ ಬೇಕು. ಅಲ್ಲಿ ಆ ಕ್ಷಣದ ತೀರ್ಮಾನವನ್ನು ಯಂತ್ರವೇ ತೆಗೆದುಕೊಳ್ಳಬೇಕು, ಇಲ್ಲವೇ ನಿಂತು ಕಾಯಬೇಕು. ಮನುಷ್ಯರನ್ನು ಮಂಗಳನ ಕಕ್ಷೆಯವರೆಗೆ ಮಾತ್ರ ಒಯ್ದು, ನೆಲದ ಕೆಲಸವನ್ನು ಅಲ್ಲಿಂದಲೇ ರೋಬಾಟುಗಳ ಮೂಲಕ ಮಾಡಿಸುವ ಆಲೋಚನೆ ಹುಟ್ಟಿರುವುದು ಈ ಕಾರಣದಿಂದಲೇ. 2019ರ ನವೆಂಬರ್‌ನಲ್ಲಿ ಯುರೋಪಿನ ಗಗನಯಾತ್ರಿ ಲೂಕಾ ಪರ್ಮಿಟಾನೊ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಕುಳಿತು, ನೆದರ್‌ಲೆಂಡ್ಸ್‌ನಲ್ಲಿದ್ದ ರೋವರ್ ಒಂದರಿಂದ ಕಲ್ಲುಗಳನ್ನು ಆರಿಸಿ ಎತ್ತಿಸಿದರು. ರೋವರಿನ ತೋಳಿಗೆ ತಾಗಿದ ಕಲ್ಲಿನ ಒತ್ತಡ, ನೂರಾರು ಕಿಲೋಮೀಟರ್ ಮೇಲಿದ್ದ ಅವರ ಕೈಗೂ ತಿಳಿಯುತ್ತಿತ್ತು.