3200ರ ರ‍್ಯಾಮ್ ಕೊಂಡೆ, 2400 ತೋರಿಸುತ್ತಿದೆ. ಮೋಸ ಹೋದೆನಾ?

ಪ್ರಶ್ನೆ: ಸರ್, ನಮ್ಮೂರು ಮೂಡಿಗೆರೆ ಹತ್ತಿರ. ಹೋದ ತಿಂಗಳು ಬೆಂಗಳೂರಿನಲ್ಲಿ ಹೊಸ ಡೆಸ್ಕ್‌ಟಾಪ್ ಜೋಡಿಸಿಸಿಕೊಂಡು ಬಸ್ಸಲ್ಲಿ ತಂದೆ. ರೈಜನ್ 5 5600ಜಿ ಪ್ರೊಸೆಸರ್, 8 ಜಿಬಿಯ ಎರಡು ರ‍್ಯಾಮ್. ಡಬ್ಬದ ಮೇಲೆ 3200 ಅಂತಿದೆ, ಟಾಸ್ಕ್ ಮ್ಯಾನೇಜರ್‌ನಲ್ಲಿ 2400 ಬರ್ತಿದೆ. 16 ಜಿಬಿಯಲ್ಲಿ 13.9 ಮಾತ್ರ ಬಳಸಬಹುದು ಅಂತಲೂ ತೋರಿಸುತ್ತೆ. ಅಂಗಡಿಯವರು ಬೇರೆ ರ‍್ಯಾಮ್ ಹಾಕಿಬಿಟ್ರಾ? ವಾಪಸ್ ತಗೊಂಡು ಹೋಗಬೇಕಾ?

ಉತ್ತರ: ಸದ್ಯಕ್ಕೆ ಸಿಪಿಯು ಹೊತ್ತುಕೊಂಡು ಬಸ್ ಹತ್ತಬೇಡಿ. ನೀವು ಹೇಳಿದ ಎರಡೂ ಅಂಕಿಗಳು ಮೋಸದ ಗುರುತಲ್ಲ. ಹೊಸ ಮಷಿನ್‌ನಲ್ಲಿ ಇವು ಹೀಗೇ ಕಾಣುವುದು ತುಂಬಾ ಸಾಮಾನ್ಯ. ಹಾಸನ, ಸಕಲೇಶಪುರ, ಕೊಪ್ಪ ಕಡೆಯಿಂದಲೂ ಇದೇ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಪ್ರತಿ ರ‍್ಯಾಮ್ ಸ್ಟಿಕ್ ಮೇಲೂ ಎಸ್‌ಪಿಡಿ ಅನ್ನುವ ಪುಟ್ಟ ಚಿಪ್ ಇರುತ್ತದೆ. ಅದರಲ್ಲಿ ಆ ರ‍್ಯಾಮ್‌ನ ಜಾತಕ ಇದೆ ಅಂದುಕೊಳ್ಳಿ. ಎಷ್ಟು ವೇಗ, ಎಷ್ಟು ವೋಲ್ಟೇಜ್, ಎಲ್ಲಾ ಅಲ್ಲಿರುತ್ತದೆ. ಸಾಮಾನ್ಯವಾಗಿ ಎರಡು ಬಗೆಯ ವೇಗ ಬರೆದಿರುತ್ತಾರೆ. ಒಂದು, ಯಾವ ಮದರ್‌ಬೋರ್ಡ್‌ಗೆ ಹಾಕಿದರೂ ತೊಂದರೆಯಿಲ್ಲದೆ ಓಡುವ ವೇಗ. ನಿಮ್ಮಲ್ಲಿರುವ ಡಿಡಿಆರ್4 ಬಗೆಯ ರ‍್ಯಾಮ್‌ನಲ್ಲಿ ಅದು ಹೆಚ್ಚಾಗಿ 2133, 2400 ಅಥವಾ 2666, ವೋಲ್ಟೇಜ್ 1.2. ಇನ್ನೊಂದು, ಕಂಪನಿ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಹಾಕುವ ವೇಗ. ನಿಮ್ಮದರಲ್ಲಿ 3200. ಇದಕ್ಕೆ ಹೆಚ್ಚಾಗಿ 1.35 ವೋಲ್ಟ್ ಬೇಕು. ಈ ಎರಡನೆಯದಕ್ಕೆ ಎಕ್ಸ್‌ಎಂಪಿ ಪ್ರೊಫೈಲ್ ಅಂತ ಹೆಸರು. ನಾವು ಹೇಳುವವರೆಗೂ ಬೋರ್ಡ್ ಅದನ್ನು ಮುಟ್ಟುವುದಿಲ್ಲ. ಮೊದಲನೆಯದರಲ್ಲೇ ಶುರುವಾಗುತ್ತದೆ. ಜೋಡಿಸಿದವರು ಅವಸರದಲ್ಲಿ ಆ ಸೆಟ್ಟಿಂಗ್ ಹಾಕದೆ ಕಳಿಸಿರುತ್ತಾರೆ, ಅಷ್ಟೇ.

ಹಾಗಾದರೆ ಅಂಗಡಿಯವರು ಕೊಟ್ಟಿದ್ದು ಸರಿಯಾದ ರ‍್ಯಾಮ್ ತಾನೇ ಅಂತ ನೋಡುವುದು ಹೇಗೆ? ಸಿಪಿಯು-ಝಡ್ ಅನ್ನುವ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಅದರಲ್ಲಿ ಎಸ್‌ಪಿಡಿ ಅನ್ನುವ ಟ್ಯಾಬ್ ತೆಗೆಯಿರಿ. ಮೇಲೆ ಸ್ಲಾಟ್ ಆಯ್ಕೆ ಮಾಡಿದರೆ ಆ ಸ್ಟಿಕ್ ಮಾಡಿದ ಕಂಪನಿ, ಪಾರ್ಟ್ ನಂಬರ್ ಕಾಣುತ್ತವೆ. ಕೆಳಗೆ ಒಂದು ಪಟ್ಟಿ ಇರುತ್ತದೆ. ಅದರ ಕೊನೆಯ ಕಾಲಂನಲ್ಲಿ ಎಕ್ಸ್‌ಎಂಪಿ-3200 ಅಂತ ಇದ್ದರೆ ನಿಮ್ಮ ರ‍್ಯಾಮ್ ಸರಿಯಾಗಿದೆ. ಎರಡೂ ಸ್ಲಾಟ್ ನೋಡಿ, ಒಂದೇ ನೋಡಿ ಬಿಡಬೇಡಿ. ಅಲ್ಲಿ ವೇಗ 1600 ಅಂತ ಕಂಡರೆ ಗಾಬರಿ ಬೇಡ. ಡಿಡಿಆರ್ ರ‍್ಯಾಮ್ ಒಂದೊಂದು ಸುತ್ತಿನಲ್ಲೂ ಎರಡು ಸಲ ಡೇಟಾ ಸಾಗಿಸುತ್ತದೆ. 1600ರ ಎರಡರಷ್ಟೇ ಡಬ್ಬದ ಮೇಲಿನ 3200. ಆದರೆ ಇಡೀ ಪಟ್ಟಿಯಲ್ಲಿ ಎಲ್ಲೂ 1600 ಇಲ್ಲ, 1333ಕ್ಕೇ ನಿಂತಿದೆ ಅಂದರೆ ಡಬ್ಬಕ್ಕೂ ಒಳಗಿರುವುದಕ್ಕೂ ತಾಳೆಯಾಗುತ್ತಿಲ್ಲ ಅಂತ ಅರ್ಥ. ಆಗ ಧೈರ್ಯವಾಗಿ ಅಂಗಡಿಯವರನ್ನು ಕೇಳಿ.

ರ‍್ಯಾಮ್ ಸರಿ ಇದ್ದರೆ ಮುಂದಿನ ಕೆಲಸ ಐದು ನಿಮಿಷದ್ದು. ರೀಸ್ಟಾರ್ಟ್ ಮಾಡಿ, ಪರದೆ ಬೆಳಗುವ ಮೊದಲೇ ಡಿಲೀಟ್ ಕೀ ಒತ್ತುತ್ತಾ ಇರಿ. ಬಯೋಸ್, ಅಂದರೆ ವಿಂಡೋಸ್‌ಗೂ ಮೊದಲು ಬರುವ ಬೋರ್ಡ್‌ನ ಸೆಟ್ಟಿಂಗ್ ಪರದೆ, ತೆರೆಯುತ್ತದೆ. ಅಲ್ಲಿ ಎಕ್ಸ್‌ಎಂಪಿ ಹುಡುಕಿ. ಬೋರ್ಡ್ ಮೇಲೆ ಹೋಗಿ ಹೆಸರು ಬದಲಾಗುತ್ತದೆ. ಕೆಲವದರಲ್ಲಿ ಎ-ಎಕ್ಸ್‌ಎಂಪಿ, ಕೆಲವದರಲ್ಲಿ ಡಿಓಸಿಪಿ. ಪ್ರೊಫೈಲ್ 1 ಆರಿಸಿ, ಎಫ್10 ಒತ್ತಿ ಸೇವ್ ಮಾಡಿ. ಮಷಿನ್ ಒಂದೆರಡು ಸಲ ತಾನಾಗಿ ಆಫ್ ಆಗಿ ಆನ್ ಆಗಬಹುದು. ಅದು ಹೊಸ ವೇಗಕ್ಕೆ ಹೊಂದಿಕೊಳ್ಳುತ್ತಿದೆ, ಸುಮ್ನೆ ಬಿಡಿ. 5600ಜಿ ಪ್ರೊಸೆಸರ್‌ಗೆ 3200 ಅನ್ನುವುದು ಎಎಂಡಿಯೇ ಒಪ್ಪಿದ ವೇಗ, ಹಾಗಾಗಿ ಭಯಪಡಬೇಕಾಗಿಲ್ಲ. ಬೇರೆಯವರಿಗೆ ಒಂದು ಮಾತು: ಇಂಟೆಲ್ ಐ5-10400ನ್ನು ಬಿ460 ಬೋರ್ಡ್ ಮೇಲೆ ಹಾಕಿಸಿದ್ದರೆ ಏನು ಮಾಡಿದರೂ 2666 ದಾಟುವುದಿಲ್ಲ. ಅಲ್ಲಿ 3200 ರ‍್ಯಾಮ್‌ಗೆ ಜಾಸ್ತಿ ದುಡ್ಡು ಕೊಡುವುದೇ ದಂಡ.

ಇನ್ನು ನೀವು ಕೇಳದ, ಆದರೆ ನನಗೆ ಹೆಚ್ಚು ಮುಖ್ಯ ಅನ್ನಿಸುವ ವಿಷಯ. ಆ ಎರಡು ಸ್ಟಿಕ್ ಯಾವ ಸ್ಲಾಟ್‌ಗಳಲ್ಲಿ ಕೂತಿವೆ? ಬೋರ್ಡ್‌ನಲ್ಲಿ ಎರಡೇ ಸ್ಲಾಟ್ ಇದ್ದರೆ ಯೋಚನೆಯಿಲ್ಲ. ನಾಲ್ಕು ಇದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದರಲ್ಲಿ ಇರಬೇಕು. ಬೋರ್ಡ್ ಮೇಲೆ ಎ2, ಬಿ2 ಅಂತ ಅಚ್ಚಾಗಿರುತ್ತದೆ. ಪಕ್ಕಪಕ್ಕದಲ್ಲೇ ಮೊದಲ ಎರಡರಲ್ಲಿ ತುರುಕಿದ್ದರೆ ಎರಡೂ ಒಂದೇ ಚಾನೆಲ್ ಮೇಲೆ, ಅಂದರೆ ಪ್ರೊಸೆಸರ್‌ಗೆ ಹೋಗುವ ಒಂದೇ ದಾರಿಯಲ್ಲಿ, ಓಡುತ್ತವೆ. ಲೆಕ್ಕ ನೋಡಿ. 3200 ವೇಗದಲ್ಲಿ ಒಂದು ಚಾನೆಲ್ ಸೆಕೆಂಡಿಗೆ 25.6 ಜಿಬಿ ಸಾಗಿಸಬಲ್ಲದು. 2400 ವೇಗದಲ್ಲೇ ಇದ್ದರೂ ಎರಡು ಚಾನೆಲ್ ಸೇರಿದರೆ 38.4 ಜಿಬಿ. ಅಂದರೆ ತಪ್ಪು ಸ್ಲಾಟ್‌ನಿಂದ ಆಗುವ ನಷ್ಟ ಎಕ್ಸ್‌ಎಂಪಿ ಹಾಕದಿರುವ ನಷ್ಟಕ್ಕಿಂತ ದೊಡ್ಡದು. ಎರಡೂ ಸರಿಯಾದರೆ 51.2. ನಿಮ್ಮ ಪ್ರೊಸೆಸರ್‌ನೊಳಗೇ ಗ್ರಾಫಿಕ್ಸ್ ಇದೆ, ಅದೂ ಇದೇ ರ‍್ಯಾಮ್‌ನಿಂದ ಕುಡಿಯಬೇಕು. ಆಟ ಆಡಿದರೆ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಬರೀ ತೋಟದ ಲೆಕ್ಕ, ಬ್ರೌಸರ್ ಅಂದರೆ ಅಷ್ಟೇನೂ ಗೊತ್ತಾಗುವುದಿಲ್ಲ.

ಸ್ಲಾಟ್ ಬದಲಿಸುವಾಗ ಪ್ಲಗ್ ಕಿತ್ತುಬಿಡಿ. ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹ ಒಮ್ಮೆ ಮುಟ್ಟಿ, ಆಮೇಲೆ ರ‍್ಯಾಮ್ ಹಿಡಿಯಿರಿ, ಅದೂ ಅಂಚಿನಲ್ಲಿ. ಕ್ಯಾಬಿನೆಟ್ ಮೇಜಿನ ಮೇಲೆ ಅಡ್ಡ ಮಲಗಿಸಿಕೊಂಡರೆ ಕೈಗೆ ಬಲ ಸಿಗುತ್ತದೆ. ಸ್ಟಿಕ್‌ನ ಕೆಳಗಿನ ಕಚ್ಚು ಸರಿಯಾಗಿ ನಡುವೆ ಇರುವುದಿಲ್ಲ, ಸ್ವಲ್ಪ ಪಕ್ಕಕ್ಕಿರುತ್ತದೆ. ಅದನ್ನು ಸ್ಲಾಟ್‌ನ ಉಬ್ಬಿಗೆ ಹೊಂದಿಸಿ, ಎರಡು ಹೆಬ್ಬೆರಳಿನಿಂದ ಎರಡೂ ತುದಿ ಒತ್ತಿ. ಎರಡೂ ಕಡೆ ಟಕ್ ಅನ್ನಬೇಕು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಹಿಂದೊಂದು ಮಳೆಗಾಲದಲ್ಲಿ ನನ್ನ ಮಷಿನ್ ಹಾಸನಕ್ಕೆ ಬಂದ ದಿನ ಫ್ಯಾನ್ ತಿರುಗುತ್ತಿತ್ತು, ಪರದೆ ಮಾತ್ರ ಕಪ್ಪು. ಇಡೀ ಸಂಜೆ ಮಾನಿಟರ್ ಕೇಬಲ್ ಬದಲಿಸಿ ಬದಲಿಸಿ ನೋಡಿದೆ. ಕೊನೆಗೆ ಟಾರ್ಚ್ ಹಾಕಿದಾಗ ಒಂದು ರ‍್ಯಾಮ್ ಒಂದು ತುದಿಯಲ್ಲಿ ಕೂದಲೆಳೆಯಷ್ಟು ಮೇಲೆದ್ದಿರುವುದು ಕಾಣಿಸಿತು. ಒತ್ತಿದೆ, ಟಕ್ ಅಂತು, ಪರದೆ ಬಂತು. ನಿಮ್ಮ ಮಷಿನ್ ಹಾಸನ, ಬೇಲೂರು ದಾಟಿ ಬಸ್ಸಿನಲ್ಲಿ ಕುಲುಕಿಕೊಂಡು ಬಂದಿದೆ. ಹಾಗಾಗಿ ರ‍್ಯಾಮ್ ಜೊತೆಗೆ ಒಳಗಿನ ಕೇಬಲ್‌ಗಳನ್ನೂ ಒಮ್ಮೆ ಒತ್ತಿ ನೋಡುವುದು ಒಳ್ಳೆಯದು.

13.9ರ ವಿಷಯ ಸುಲಭ. ನಿಮ್ಮಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ ಅಲ್ವಾ? ಒಳಗಿನ ಗ್ರಾಫಿಕ್ಸ್‌ಗೆ ಅಂತ ಬೋರ್ಡ್ 2 ಜಿಬಿ ಎತ್ತಿಟ್ಟಿದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಹಾರ್ಡ್‌ವೇರ್ ರಿಸರ್ವ್ಡ್ ಅಂತ ತೋರಿಸುವುದು ಅದನ್ನೇ. ಬಯೋಸ್‌ನಲ್ಲಿ ಯುಎಂಎ ಫ್ರೇಮ್ ಬಫರ್ ಸೈಜ್ ಅನ್ನುವುದನ್ನು 512 ಎಂಬಿಗೆ ಇಳಿಸಿದರೆ ಸುಮಾರು 15.4 ಜಿಬಿ ಸಿಗುತ್ತದೆ. ವಿಂಡೋಸ್‌ನ ಎಂಎಸ್‌ಕಾನ್ಫಿಗ್ ಸೆಟ್ಟಿಂಗ್‌ಗೆ ಹೋಗಿ ಮ್ಯಾಕ್ಸಿಮಮ್ ಮೆಮೊರಿಗೆ ಟಿಕ್ ಹಾಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಆ ಟಿಕ್ ಇರುವುದು ಮಿತಿ ಹಾಕುವುದಕ್ಕೆ, ಹೆಚ್ಚಿಸುವುದಕ್ಕಲ್ಲ.

ಎಕ್ಸ್‌ಎಂಪಿ ಹಾಕಿದ ಮೇಲೆ ಪರದೆಯೇ ಬರದಿದ್ದರೆ? ಎಷ್ಟೋ ಬೋರ್ಡ್‌ಗಳು ಕೆಲವು ಸಲ ಪ್ರಯತ್ನಿಸಿ ತಾವಾಗಿ ಹಳೇ ವೇಗಕ್ಕೆ ಮರಳುತ್ತವೆ. ಮರಳದಿದ್ದರೆ ಪ್ಲಗ್ ಕಿತ್ತು, ಬೋರ್ಡ್ ಮೇಲಿನ ನಾಣ್ಯದಂಥ ಸಿಆರ್2032 ಸೆಲ್ ತೆಗೆದು, ಐದು ನಿಮಿಷ ಬಿಟ್ಟು ಹಾಕಿ. ಬಯೋಸ್ ಮೊದಲಿನಂತಾಗುತ್ತದೆ. ಅಷ್ಟಾಗಿಯೂ ಬಯೋಸ್ ಅಪ್‌ಡೇಟ್ ಮಾಡೋಣ ಅನ್ನಿಸಿದರೆ, ಯುಪಿಎಸ್ ಇಲ್ಲದೆ ಕೈ ಹಾಕಲೇಬೇಡಿ. ನಿಮ್ಮ ಕಡೆ ಮಳೆ ಹಿಡಿದರೆ ಕರೆಂಟ್ ಕಥೆ ನಿಮಗೇ ಗೊತ್ತು. ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಬೋರ್ಡ್ ಏಳದೇ ಹೋಗಬಹುದು. ಸೆಟ್ಟಿಂಗ್ ಬದಲಿಸುವುದಕ್ಕೆ ಆ ಅಪಾಯ ಇಲ್ಲ.

3200 ಬಂತು ಅಂತ ಅಲ್ಲಿಗೇ ಬಿಡಬೇಡಿ. ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ತಂತ್ರಾಂಶವನ್ನು ಪೆನ್‌ಡ್ರೈವ್‌ಗೆ ಹಾಕಿ, ರಾತ್ರಿ ಅದರಿಂದ ಮಷಿನ್ ಶುರು ಮಾಡಿ ಮಲಗಿ. ಬೆಳಗ್ಗೆ ಎರರ್ ಸೊನ್ನೆ ಇರಬೇಕು. ಒಂದೇ ಒಂದು ಬಂದರೂ ವೇಗವನ್ನು 2933ಕ್ಕೆ ಇಳಿಸಿ ಮತ್ತೆ ನೋಡಿ. 2400ರಲ್ಲೂ ಎರರ್ ಬಂದರೆ ಒಂದೊಂದೇ ಸ್ಟಿಕ್ ಹಾಕಿ ಪರೀಕ್ಷಿಸಿ, ಯಾವುದು ಕೆಟ್ಟಿದೆ ಅಂತ ಗೊತ್ತಾಗುತ್ತದೆ. ಆಗಲೂ ಇಡೀ ಸಿಪಿಯು ಒಯ್ಯಬೇಕಾಗಿಲ್ಲ. ಎರಡು ಸ್ಟಿಕ್, ಡಬ್ಬ, ಬಿಲ್ಲು, ಜೊತೆಗೆ ಎರರ್ ಕಾಣುವ ಪರದೆಯ ಫೋಟೋ ಇದ್ದರೆ ಸಾಕು. ಸ್ಟಿಕ್ ಮೇಲಿನ ಸ್ಟಿಕರ್ ಮಾತ್ರ ಕೀಳಬೇಡಿ, ವಾರಂಟಿ ನಿಂತಿರುವುದು ಅದರ ಮೇಲೆ.