ಪೊಲೀಸ್ ಪುಸ್ತಕಕ್ಕೆ ಸಿಗದ ಗಾಯಾಳುಗಳು

1994ರ ಮಾರ್ಚ್‌ನಿಂದ ಡಿಸೆಂಬರ್‌ವರೆಗೆ ಕರಾಚಿಯ ಸಂಚಾರ ಪೊಲೀಸರ ಲೆಕ್ಕದಲ್ಲಿ ರಸ್ತೆ ಅಪಘಾತದ ಗಾಯಾಳುಗಳು 793 ಮಂದಿ. ಅದೇ ಹತ್ತು ತಿಂಗಳಲ್ಲಿ, ಅದೇ ನಗರದಲ್ಲಿ, ಈದಿ ಎಂಬ ಸೇವಾಸಂಸ್ಥೆಯ ಆಂಬುಲೆನ್ಸ್‌ನವರು ಬರೆದಿಟ್ಟ ಗಾಯಾಳುಗಳು ಅದಕ್ಕಿಂತ ಬಹಳ ಹೆಚ್ಚು. ಒಂದೇ ನಗರ, ಅವೇ ರಸ್ತೆಗಳು. ಆದರೂ ಇಷ್ಟು ಅಂತರ.

ಪೊಲೀಸರು ಸರಿಯಾಗಿ ಕೆಲಸ ಮಾಡಿಲ್ಲ ಎಂದು ಹೇಳಿ ಮುಗಿಸಬಹುದು. ಆದರೆ ಶ್ರೀಮಂತ ದೇಶಗಳಲ್ಲೂ, ಶಿಸ್ತಿನ ಪೊಲೀಸರಿರುವ ಕಡೆಯೂ ಇದೇ ಸಮಸ್ಯೆ ಇದೆ. ಹಾಗಾದರೆ ಕಾರಣ ಬೇರೆ ಏನೋ ಇರಬೇಕು, ಅಲ್ವಾ? ಅದನ್ನು ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1896ರ ಆಗಸ್ಟ್ 17ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಆವರಣದಲ್ಲಿ ನಡೆದುಹೋಗುತ್ತಿದ್ದ ಮಹಿಳೆಯೊಬ್ಬರಿಗೆ ಮೋಟಾರು ಕಾರು ಬಡಿಯಿತು. ಕಾರಿಗೆ ಸಿಕ್ಕಿ ಸತ್ತ ಬ್ರಿಟನ್ನಿನ ಮೊದಲ ಪಾದಚಾರಿ ಅವರು. ವಿಚಾರಣೆ ನಡೆಯಿತು. ಆಕಸ್ಮಿಕ ಸಾವು ಎಂದು ತೀರ್ಮಾನವಾಯಿತು. ಅಲ್ಲಿ ಮುಖ್ಯವಾಗಿದ್ದ ಪ್ರಶ್ನೆ ಒಂದೇ: ತಪ್ಪು ಯಾರದು? ಮುಂದೆ ರಸ್ತೆಯ ಸಾವುನೋವುಗಳನ್ನು ಬರೆದಿಡುವ ಕೆಲಸ ಪೊಲೀಸರ ಪಾಲಿಗೆ ಬಂತು. ಬ್ರಿಟನ್ 1926ರಿಂದ ಇಡೀ ದೇಶದ ಲೆಕ್ಕ ಇಡತೊಡಗಿತು. ಆ ವರ್ಷ ಸತ್ತವರು 4,886. 1949ರಲ್ಲಿ ಎಲ್ಲ ಪೊಲೀಸರಿಗೂ ಒಂದೇ ನಮೂನೆ ಬಂತು. ಅದಕ್ಕೆ ಸ್ಟಾಟ್ಸ್19 ಎಂದು ಹೆಸರು. ಈಗಲೂ ಅದೇ ನಡೆಯುತ್ತಿದೆ.

ಎಲ್ಲ ತೊಡಕೂ ಇಲ್ಲಿಂದಲೇ ಶುರುವಾಗುತ್ತದೆ ಎಂದು ನನಗೆ ಅನ್ನಿಸುತ್ತದೆ. ಪೊಲೀಸ್ ಪುಸ್ತಕ ಇರುವುದು ತಪ್ಪಿತಸ್ಥರನ್ನು ಹಿಡಿಯಲು. ನೋವುಂಡವರನ್ನು ಎಣಿಸಲು ಅಲ್ಲ. ನಾವು ಮಾತ್ರ ಅದೇ ಪುಸ್ತಕ ತೆಗೆದು ಜನರನ್ನು ಎಣಿಸುತ್ತಿದ್ದೇವೆ.

ಸೈಕಲ್ಲಿನಲ್ಲಿ ಹೋಗುವವರು ಗುಂಡಿಗೆ ಬಿದ್ದು ಮೊಣಕೈ ಮುರಿದುಕೊಂಡರು ಎನ್ನಿ. ದೂರು ಯಾರ ಮೇಲೆ ಕೊಡುವುದು? ಗುದ್ದಿದವರೇ ಇಲ್ಲ. ನೇರ ಆಸ್ಪತ್ರೆಗೆ ಹೋಗುತ್ತಾರೆ, ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬರುತ್ತಾರೆ. ಇನ್ನು ಕೆಲವರು ಅಲ್ಲೇ ಮಾತಾಡಿ, ದುಡ್ಡು ಕೊಟ್ಟು ತೆಗೆದುಕೊಂಡು ಮುಗಿಸುತ್ತಾರೆ. ಲೈಸೆನ್ಸ್ ಇಲ್ಲದವರು, ವಿಮೆ ಕಟ್ಟದವರು ಪೊಲೀಸರ ಹತ್ತಿರ ಹೋಗುವುದೇ ಇಲ್ಲ. ಸಾಕ್ಷಿ ಹೇಳಲು ಕೋರ್ಟಿಗೆ ಅಲೆಯಬೇಕಾದೀತು ಎಂದು ನೋಡಿದವರೂ ಸುಮ್ನೆ ಇದ್ದುಬಿಡುತ್ತಾರೆ.

1999ರಲ್ಲಿ ನಾರ್ವೆಯ ಸಂಶೋಧಕರು 13 ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಸಾವುಗಳಲ್ಲಿ ಸುಮಾರು ನೂರಕ್ಕೆ 95 ದಾಖಲಾಗಿದ್ದವು. ಆಸ್ಪತ್ರೆಯಲ್ಲಿ ಉಳಿಯಬೇಕಾದಷ್ಟು ಪೆಟ್ಟಾದವರಲ್ಲಿ 70. ಹೊರರೋಗಿಯಾಗಿ ಚಿಕಿತ್ಸೆ ಪಡೆದವರಲ್ಲಿ ಬರೀ 25. ದಾಖಲೆಗೆ ಜಾಸ್ತಿ ಬಂದವರು ಕಾರಿನಲ್ಲಿದ್ದವರು, ತೀರಾ ಕಡಿಮೆ ಬಂದವರು ಸೈಕಲ್ ಸವಾರರು. ಇವೆಲ್ಲ ಹೆಚ್ಚಾಗಿ ಶ್ರೀಮಂತ ದೇಶಗಳ ಲೆಕ್ಕ ಎಂಬುದನ್ನು ಮರೆಯಬಾರದು.

ಸಾವನ್ನಾದರೂ ಸರಿಯಾಗಿ ಎಣಿಸುತ್ತೇವಾ? ಅದಕ್ಕೂ ಒಂದು ಗೆರೆ ಬೇಕು. ಅಪಘಾತವಾದ ಎಷ್ಟು ದಿನದೊಳಗೆ ಸತ್ತರೆ ಅದು ರಸ್ತೆ ಸಾವು? 30 ದಿನ ಎಂಬುದು ಈಗ ಹೆಚ್ಚಿನ ಕಡೆ ಒಪ್ಪಿದ ಮಾತು. ಆದರೆ ಫ್ರಾನ್ಸ್ 2004ರವರೆಗೂ ಆರು ದಿನಕ್ಕೆ ನಿಲ್ಲಿಸುತ್ತಿತ್ತು. ಏಳನೆಯ ದಿನ ಐಸಿಯುನಲ್ಲಿ ಜೀವ ಹೋದರೆ ಆ ಪಟ್ಟಿಯಲ್ಲಿ ಹೆಸರಿಲ್ಲ. ಜಪಾನಿನಲ್ಲಿ 24 ಗಂಟೆಯ ಲೆಕ್ಕವೇ ಬಹಳ ಕಾಲ ನಡೆಯಿತು. 30 ದಿನದ ಲೆಕ್ಕ ಜೊತೆಗೆ ಬಂದಿದ್ದು 1993ರಲ್ಲಿ.

ಆಸ್ಪತ್ರೆಯ ದಾಖಲೆಯೂ ಪೂರ್ತಿ ಅಲ್ಲ. ವೈದ್ಯರ ಗಮನ ಇರುವುದು ಮುರಿದ ಮೂಳೆಯ ಮೇಲೆ. 'ತೊಡೆಮೂಳೆ ಮುರಿತ' ಎಂದು ಬರೆಯುತ್ತಾರೆ, ಹೇಗೆ ಮುರಿಯಿತು ಎಂಬ ಜಾಗ ಎಷ್ಟೋ ಸಲ ಖಾಲಿ. ವಾರಗಟ್ಟಲೆ ನರಳಿ ಸೋಂಕಿನಿಂದ ಸತ್ತರೆ ಸಾವಿನ ಕಾರಣ ಸೋಂಕು ಎಂದಷ್ಟೇ ಉಳಿಯಬಹುದು. ರಸ್ತೆಯ ಹೆಸರೇ ಬರುವುದಿಲ್ಲ.

ಎರಡೂ ಪುಸ್ತಕ ಅರ್ಧಂಬರ್ಧ ಇದ್ದಾಗ ನಿಜ ತಿಳಿಯುವುದು ಹೇಗೆ? ಕೆರೆಯ ಮೀನು ಎಣಿಸುವವರು ಇದಕ್ಕೆ ದಾರಿ ತೋರಿಸಿದ್ದಾರೆ. ಒಮ್ಮೆ ಬಲೆ ಹಾಕಿ, ಸಿಕ್ಕ ಮೀನಿಗೆ ಗುರುತು ಮಾಡಿ ಬಿಡುತ್ತಾರೆ. ಇನ್ನೊಮ್ಮೆ ಬಲೆ ಹಾಕಿದಾಗ ಗುರುತಿನ ಮೀನು ಎಷ್ಟು ಸಿಕ್ಕಿತು ಎಂದು ನೋಡುತ್ತಾರೆ. ಅಪಘಾತಕ್ಕೂ ಇದೇ ಲೆಕ್ಕ ಹೊಂದುತ್ತದೆ. ಪೊಲೀಸರ ಪಟ್ಟಿಯಲ್ಲಿ 100 ಜನ, ಆಂಬುಲೆನ್ಸ್ ಪಟ್ಟಿಯಲ್ಲಿ 80 ಜನ, ಎರಡರಲ್ಲೂ ಇರುವವರು 20 ಎಂದುಕೊಳ್ಳಿ. ಆಂಬುಲೆನ್ಸ್‌ನವರು ಕಂಡವರಲ್ಲಿ ಪೊಲೀಸರಿಗೆ ಸಿಕ್ಕಿದ್ದು ನಾಲ್ಕರಲ್ಲಿ ಒಬ್ಬರು. ಹಾಗಾದರೆ ಪೊಲೀಸರ 100 ಕೂಡ ಒಟ್ಟಿನ ಕಾಲುಭಾಗ ಇರಬೇಕು. ನಿಜವಾದ ಸಂಖ್ಯೆ ಸುಮಾರು 400.

ಕರಾಚಿಯ ಎರಡು ಪಟ್ಟಿಗಳಿಗೂ ಹೀಗೇ ಮಾಡಿದರು. 1998ರಲ್ಲಿ ಫಲಿತಾಂಶ ಪ್ರಕಟವಾಯಿತು. ಸಾವುಗಳಲ್ಲಿ ಸರ್ಕಾರಿ ಲೆಕ್ಕಕ್ಕೆ ಸಿಕ್ಕಿದ್ದು ನೂರಕ್ಕೆ 56, ಗಂಭೀರ ಗಾಯಗಳಲ್ಲಿ ನೂರಕ್ಕೆ ನಾಲ್ಕು. ಓದಿದಾಗ ನನ್ನ ಮನಸ್ಸು ಉಳಿದ 96ರ ಮೇಲೇ ನಿಂತಿತು. ನೋವು, ಸಾಲ, ಕಳೆದುಹೋದ ಕೆಲಸ ಎಲ್ಲವೂ ಅವರಿಗೂ ಇತ್ತು. ನಗರದ ಕಣ್ಣಿಗೆ ಮಾತ್ರ ಅವರು ಬಿದ್ದಿರಲಿಲ್ಲ.

ಇದು ಬರೀ ಅಂಕಿಯ ತಕರಾರಲ್ಲ. ಅಪಾಯದ ತಿರುವು ಯಾವುದು, ಎಲ್ಲಿ ಸಿಗ್ನಲ್ ಬೇಕು, ಎಲ್ಲಿ ಫುಟ್‌ಪಾತ್ ಬೇಕು ಎಂದು ಎಂಜಿನಿಯರ್‌ಗಳು ನೋಡುವುದು ಇದೇ ದಾಖಲೆಯಿಂದ ಮಾಡಿದ ನಕ್ಷೆಯನ್ನು. ದಾಖಲೆಗೆ ಬಾರದವರಲ್ಲಿ ನಡೆಯುವವರು, ಸೈಕಲ್ಲಿನವರು ಜಾಸ್ತಿ ಇದ್ದರೆ ದುಡ್ಡೂ ಅವರ ರಸ್ತೆಗೆ ಬರುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2009ರಿಂದ ಸರ್ಕಾರಗಳು ಕೊಟ್ಟ ಸಂಖ್ಯೆಯ ಪಕ್ಕದಲ್ಲೇ ತನ್ನ ಅಂದಾಜನ್ನೂ ಅಚ್ಚು ಹಾಕುತ್ತಿದೆ. 2015ರ ವರದಿಯಲ್ಲಿ ಚೀನಾ ಕೊಟ್ಟ ಸಾವಿನ ಸಂಖ್ಯೆ ಸುಮಾರು 58 ಸಾವಿರ, ಸಂಸ್ಥೆಯ ಅಂದಾಜು 2.6 ಲಕ್ಷಕ್ಕಿಂತ ಹೆಚ್ಚು. ಸ್ವೀಡನ್ ಪೊಲೀಸರ ಮತ್ತು ಆಸ್ಪತ್ರೆಗಳ ದಾಖಲೆಯನ್ನು ಸ್ಟ್ರಾಡಾ ಎಂಬ ಒಂದೇ ವ್ಯವಸ್ಥೆಗೆ ತಂದಿತು.

ಲಂಡನ್ನಿನಲ್ಲಿ 2016ರವರೆಗೆ ಗಾಯ ಗಂಭೀರವೋ ಅಲ್ಲವೋ ಎಂದು ಪೊಲೀಸರೇ ನಿರ್ಧರಿಸುತ್ತಿದ್ದರು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ನಿಯಮ ಬದಲಾಯಿತು. ಪೊಲೀಸರು ಗಾಯ ಯಾವುದು ಎಂದಷ್ಟೇ ಬರೆಯಬೇಕು, ಉಳಿದದ್ದನ್ನು ಕಂಪ್ಯೂಟರ್ ವಿಂಗಡಿಸುತ್ತದೆ. ಗಂಭೀರ ಗಾಯಗಳ ಸಂಖ್ಯೆ ಥಟ್ಟನೆ ಏರಿತು. ಈ ಏರಿಕೆಗೆ ಹೊಸ ಎಣಿಕೆಯೇ ದೊಡ್ಡ ಕಾರಣ. ಸಂಖ್ಯೆ ಏರಿದರೆ ಕೆಟ್ಟ ಹೆಸರು ಬರುತ್ತದೆ ಎಂದು ಹೆದರದೆ ಇದನ್ನು ಮಾಡಿದ್ದು ನನಗೆ ದೊಡ್ಡ ಮಾತು.

ಕರಾಚಿಯಲ್ಲಿ 2006ರಿಂದ ಐದು ದೊಡ್ಡ ಆಸ್ಪತ್ರೆಗಳ ತುರ್ತು ವಿಭಾಗಗಳಲ್ಲಿ ಗಾಯಾಳುಗಳ ಮಾಹಿತಿ ಬರೆದುಕೊಳ್ಳುವ ಕೆಲಸ ಶುರುವಾಯಿತು. ಪೊಲೀಸ್ ಕೇಸು ಇರಲಿ, ಇಲ್ಲದಿರಲಿ, ಬಾಗಿಲಿಗೆ ಬಂದವರ ಲೆಕ್ಕ ಸಿಗತೊಡಗಿತು. ಅದರಲ್ಲಿ ಎಲ್ಲರಿಗಿಂತ ಹೆಚ್ಚು ಕಂಡವರು ಬೈಕ್ ಸವಾರರು.