ಬಿಳಿ ಲೇಬಲ್ ಬಿಡಿ, ಒಳಅಂಚು ಓದಿ

ಮುಂಬಯಿಯ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಹಳೇ ರಾಕ್ ಎಲ್‌ಪಿ ರೆಕಾರ್ಡಿನ ಲೇಬಲ್ ಬರೀ ಬಿಳಿಯಾಗಿದ್ದರೆ ಬೆಲೆ ಒಂದಕ್ಕೆ ಹತ್ತಾಗುತ್ತದೆ. ಅದು ಟೆಸ್ಟ್ ಪ್ರೆಸ್ಸಿಂಗ್, ಅದರ ನಾದವೇ ಬೇರೆ ಎಂಬ ಮಾತು ಮಾಟುಂಗಾ, ಡೊಂಬಿವಲಿಯ ನಮ್ಮ ಕನ್ನಡಿಗ ಸಂಗ್ರಾಹಕರ ಬಾಯಲ್ಲೂ ಇದೆ. ಮುಕ್ಕಾಲು ಪಾಲು ಮೂಢನಂಬಿಕೆ.

ಲ್ಯಾಕರ್ ತಟ್ಟೆಯಲ್ಲಿ ಗೆರೆ ಕೊರೆದು, ಬೆಳ್ಳಿ ಲೇಪಿಸಿ, ಮೇಲೆ ನಿಕಲ್ ಬೆಳೆಸಿದರೆ ಫಾದರ್ ಎಂಬ ಲೋಹದ ಪಡಿಯಚ್ಚು. ಅದರಿಂದ ಮದರ್, ಮದರ್‌ನಿಂದ ರೆಕಾರ್ಡ್ ಒತ್ತುವ ಅಚ್ಚಾದ ಸ್ಟ್ಯಾಂಪರ್. ಸ್ಟ್ಯಾಂಪರ್ ಸರಿಯಿದೆಯೇ ಎಂದು ನೋಡಲು ಒತ್ತುವ ಕೆಲವೇ ಪ್ರತಿಗಳು ಟೆಸ್ಟ್ ಪ್ರೆಸ್ಸಿಂಗ್. ಕಾವಲಿ ಕಾದಿದೆಯೇ ನೋಡಲು ಹುಯ್ಯುವ ಮೊದಲ ದೋಸೆ ಅಷ್ಟೇ; ಅದೇ ಹೆಚ್ಚು ರುಚಿ ಎಂದು ಯಾವ ಉಡುಪಿ ಹೋಟೆಲಿನವರೂ ಹೇಳುವುದಿಲ್ಲ. ಸ್ಟ್ಯಾಂಪರ್ ಸವೆದಂತೆ ತಾರಸ್ವರ ಮಂಕಾಗುವುದು ನಿಜ. ಆದರೆ ಅಂಗಡಿಗೆ ಹೋದ ಮೊದಲ ಕಂತಿನ ಪ್ರತಿಗಳೂ ಹೊಸ ಸ್ಟ್ಯಾಂಪರಿನವೇ.

ಮೇಲಾಗಿ ಕೆಲವು ಪರೀಕ್ಷೆಯಲ್ಲಿ ಬಿದ್ದ ಪ್ರತಿಗಳು. ನಡುವಿನ ತೂತು ಅರ್ಧ ಮಿಲಿಮೀಟರ್ ಸರಿದಿದ್ದರೂ ಸಾಕು: 146 ಮಿ.ಮೀ. ತ್ರಿಜ್ಯದ ಹೊರಗೆರೆಯಲ್ಲಿ ಶ್ರುತಿ ಶೇ. 0.3ರಷ್ಟು ಓಲಾಡಿದರೆ, 60 ಮಿ.ಮೀ.ನ ಒಳಗೆರೆಯಲ್ಲಿ ಶೇ. 0.8. ಹಾಗಾಗಿ ಬದಿಯ ಕೊನೆಯ ಹಾಡನ್ನೇ ಹಾಕಿಸಿ, ಪಿಯಾನೋದ ಉದ್ದನೆಯ ಸ್ವರ ಕೇಳಿ. 33⅓ ವೇಗದಲ್ಲಿ ಸುತ್ತೊಂದಕ್ಕೆ 1.8 ಸೆಕೆಂಡು; ಸೂಜಿ ಹಿಡಿದ ತೋಳು (ಟೋನ್‌ಆರ್ಮ್) ಅದೇ ಲಯದಲ್ಲಿ ಎಡಬಲ ತೂಗುವುದು ಕಣ್ಣಿಗೇ ಕಾಣುತ್ತದೆ. ಬಟ್ಟೆ ಹರಿದಂಥ ಸದ್ದು ಬಂದರೆ ಪ್ಲಾಸ್ಟಿಕ್ ಗೆರೆಯೊಳಗೆ ಪೂರ್ತಿ ತುಂಬಿಲ್ಲ. ಅದನ್ನು ಎಷ್ಟು ತೊಳೆದರೂ ಹೋಗದು.

ಬಿಳಿ ಲೇಬಲ್ ಅಸಲಿಯೇ? ಎಲ್‌ಪಿಗೆ ಲೇಬಲನ್ನು ಅಂಟಿಸುವುದಿಲ್ಲ, ಬಿಸಿ ಪ್ರೆಸ್ಸಿನಲ್ಲೇ ಅದು ಪ್ಲಾಸ್ಟಿಕ್ಕಿನೊಂದಿಗೆ ಒತ್ತಿಕೊಳ್ಳುತ್ತದೆ. ಅಂಚಿಗೆ ಉಗುರು ತಾಗಿದರೆ, ಅಚ್ಚಿನ ವೃತ್ತ ಕಾಗದದ ಮೇಲೆ ಮೂಡದಿದ್ದರೆ, ಆಮೇಲೆ ಯಾರೋ ಮೆತ್ತಿದ್ದಾರೆ. (ಮುಂಬಯಿಯ ಮಳೆಗಾಲದಲ್ಲಿ ಲೇಬಲಿಗೆ ಹಿಡಿದ ಬೂಷ್ಟು ಹಳೆಯದೆನ್ನುವುದಕ್ಕೆ ಸಾಕ್ಷಿಯಲ್ಲ, ಒಂದೇ ಜುಲೈ ಸಾಕು.)

ಆಮೇಲೆ ಹಾಡು ಮುಗಿದ ಮೇಲಿನ ಖಾಲಿ ಅಂಚಿಗೆ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಬ್ರಿಟನ್ನಿನ ಇಎಂಐ ಕಂಪನಿಯ ಎಲ್‌ಪಿಯಲ್ಲಿ ಮ್ಯಾಟ್ರಿಕ್ಸ್ ಸಂಖ್ಯೆಯನ್ನು (ಆ ಬದಿಯ ಕೊರೆತದ ಗುರುತು) ಗಡಿಯಾರದ 6ರ ಜಾಗಕ್ಕೆ ತಂದರೆ, 9ರಲ್ಲಿ ಮದರ್ ಸಂಖ್ಯೆ, 3ರಲ್ಲಿ ಸ್ಟ್ಯಾಂಪರ್ ಅಕ್ಷರ. ಜಿ, ಆರ್, ಎ, ಎಂ, ಓ, ಪಿ, ಎಚ್, ಎಲ್, ಟಿ ಕ್ರಮವಾಗಿ 1ರಿಂದ 9, ಡಿ ಸೊನ್ನೆ. ‘ಆರ್‌ಎಂ’ ಅಂದರೆ 24ನೇ ಸ್ಟ್ಯಾಂಪರ್.

ದುಡ್ಡು ಕೊಡಬೇಕಾದದ್ದು ಮ್ಯಾಟ್ರಿಕ್ಸಿನ ಕೊನೆಯ ಅಂಕಿಗೆ; ಎಷ್ಟನೇ ಕೊರೆತ ಎಂದು ಹೇಳುವುದು ಅದೇ. ಬೀಟಲ್ಸ್‌ನ 1969ರ ‘ಅಬ್ಬೆ ರೋಡ್’ನ ಮೊದಲ ಬ್ರಿಟಿಷ್ ಪ್ರತಿಗಳಲ್ಲಿ ಎರಡು ಬದಿಗಳಲ್ಲಿ ಇರುವುದು ವೈಇಎಕ್ಸ್ 749-2, 750-1. ಅದೇ ಅಂಕಿಗಳ ಟೆಸ್ಟ್ ಪ್ರೆಸ್ಸಿಂಗ್ ಅಪರೂಪದ್ದು, ಆದರೆ ಅದರಲ್ಲಿರುವುದು ಅಂಗಡಿ ಪ್ರತಿಯ ನಾದವೇ. 749 ಅಥವಾ 750ರ ಮುಂದೆ ಬೇರೆ ಅಂಕಿ ಕಂಡರೆ ಮಾತ್ರ ನೀವು ಕೇಳುವುದು ಬೇರೆಯೇ ಕೊರೆತ.